ಕೂಸಿನ ಮನೆ ಪೇಟೆಗೂ ಬರಬೇಕೇ?

ಪರ

ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕ ಕೂಸನ್ನು ಎಲ್ಲಿ ಬಿಡುವುದು? ಆ ವಯಸ್ಸಿಗೆ ಹೆಚ್ಚಿನ ಅಂಗನವಾಡಿಗಳಿಂದ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರ. ಇಡೀ ದಿನ ನೋಡಿಕೊಳ್ಳುವವರು ಅಲ್ಲಿ ಇಲ್ಲ. ಹಳ್ಳಿಗಳಲ್ಲಿ ಈ ಕೊರತೆ ನೀಗಿಸಲೆಂದು ಕರ್ನಾಟಕ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಘೋಷಿಸಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರು ಮಗುವನ್ನು ಅಲ್ಲಿ ಬಿಟ್ಟು ಹೋಗಬಹುದು. ಪೇಟೆಯ ಬಡ ತಾಯಂದಿರು ಏನು ತಪ್ಪು ಮಾಡಿದ್ದಾರೆ?

ಕಾನೂನೇ ಇಲ್ಲ ಎಂದಲ್ಲ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ನೌಕರರ ಲೆಕ್ಕ ಇಟ್ಟಿತು. ಈ ಲೆಕ್ಕವೆಲ್ಲ ಒಬ್ಬ ಮಾಲೀಕನ ಕೈಕೆಳಗೆ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ನಿಂತಿದೆ. ದಿನಕ್ಕೆ ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಂಗಸಿಗೆ ಮಾಲೀಕ ಯಾರು? ಹತ್ತೇ ಮಷೀನಿನ ಟೇಲರಿಂಗ್ ಘಟಕದವಳಿಗೆ, ಹೂ ಮಾರುವವಳಿಗೆ ಯಾವ ಕಾಯ್ದೆ ಕೊಠಡಿ ಕಟ್ಟಿಸಿಕೊಡುತ್ತದೆ? ಹೀಗಾಗಿಯೇ ಈ ಜವಾಬ್ದಾರಿಯನ್ನು ವಾರ್ಡು ಹೊರಬೇಕು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಉಳಿಯಿತು, ಒಳ್ಳೆಯದೇ. ಕೂಸನ್ನು ನೋಡಿಕೊಳ್ಳುವವರಿಲ್ಲದ ತಾಯಿ ಆ ಬಸ್ ಹತ್ತುವುದು ಹೇಗೆ? ಹತ್ತಿದರೂ ಎಷ್ಟೋ ಮನೆಗಳಲ್ಲಿ ದೊಡ್ಡ ಮಗಳ ಶಾಲೆ ತಪ್ಪುತ್ತದೆ. ಎಂಟೊಂಬತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ದಿನ ಕಳೆಯುತ್ತಾಳೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇದನ್ನು ನೋಡಿದಾಗ.

ವಿರೋಧ

ಪೇಟೆಯ ಕೂಸಿಗೂ ಜಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೂಸಿನ ಮನೆಯ ಮಾದರಿಯನ್ನು ಹಾಗೇ ತರುವುದು ಬೇಡ ಎಂಬುದಷ್ಟೇ ನನ್ನ ವಾದ.

ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಉದ್ಯೋಗ ಖಾತ್ರಿ ಕೂಲಿಯ ಮಹಿಳೆಯರೇ. ತರಬೇತಿ ಕೊಡುತ್ತಾರೆ, ನಿಜ. ಆದರೆ ಒಬ್ಬರ ಕೂಲಿ ದಿನಗಳು ಮುಗಿದರೆ ಇನ್ನೊಬ್ಬರು ಬರಬೇಕು. ಒಂದೂವರೆ ವರ್ಷದ ಮಗು ಒಂದು ಮುಖಕ್ಕೆ ಹೊಂದಿಕೊಳ್ಳುವುದೇ ಕಷ್ಟ, ಅಲ್ವಾ? ಅಷ್ಟರಲ್ಲಿ ಆ ಮುಖವೇ ಬದಲಾದರೆ ಮತ್ತೆ ಅಳು, ಊಟ ಬಿಡುವುದು. ಉದ್ಯೋಗ ಖಾತ್ರಿಯ ನಿಯಮ ಬದಲಾದರಂತೂ ಇಡೀ ಯೋಜನೆ ಅಲುಗಾಡುತ್ತದೆ. ಅದು ಹಳ್ಳಿಯ ಯೋಜನೆ ಬೇರೆ, ಪೇಟೆಯಲ್ಲಿ ಆ ಕೂಲಿ ಹಣವೇ ಇಲ್ಲ.

ಇನ್ನೊಂದು ಹೊಸ ಬೋರ್ಡು ಹಾಕುವ ಬದಲು ಇರುವ ಅಂಗನವಾಡಿಯನ್ನೇ ಬೆಳೆಸೋಣ. ಕೇಂದ್ರ ಸರ್ಕಾರದ ಮಿಷನ್ ಶಕ್ತಿಯಡಿ 2022ರಲ್ಲಿ ಬಂದ ಪಾಲ್ನಾ ಯೋಜನೆ ಅದಕ್ಕೆ ದಾರಿ ಕೊಟ್ಟಿದೆ: ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಲ್ಲೇ ಶಿಶುಪಾಲನೆ, ಅದಕ್ಕೆ ಬೇರೆ ಕಾರ್ಯಕರ್ತೆ, ಬೇರೆ ಸಹಾಯಕಿ. ಈ ಬೇರೆ ಎಂಬುದನ್ನು ಬಿಡಬಾರದು. ಸಮೀಕ್ಷೆ, ಮೊಬೈಲ್ ಆ್ಯಪ್, ಚುನಾವಣೆ ಕೆಲಸ ಎಲ್ಲವನ್ನೂ ಈಗಲೇ ಹೊತ್ತಿರುವ ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಇದನ್ನೂ ಕಟ್ಟಿದರೆ ಕೂಸಿಗೂ ಅನ್ಯಾಯ, ಆಕೆಗೂ ಅನ್ಯಾಯ. ಬಾಗಿಲು ಮಧ್ಯಾಹ್ನ ಹಾಕಿಬಿಟ್ಟರೂ ಪ್ರಯೋಜನವಿಲ್ಲ. ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ತಾಯಿ ಬರುವ ತನಕ ತೆರೆದಿರಬೇಕು.

ವಲಸೆ ಬಂದ ಕಟ್ಟಡ ಕಾರ್ಮಿಕರ ವಿಷಯ ಬೇರೆಯೇ. ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದವರು ಒಂದು ಸೈಟ್ ಮುಗಿದರೆ ಇನ್ನೊಂದಕ್ಕೆ ಹೋಗುತ್ತಾರೆ. ಅವರಿಗೆ ವಾರ್ಡಿನ ಕೇಂದ್ರ ತಲುಪುವುದಿಲ್ಲ. ಕೆಲಸದ ಜಾಗದಲ್ಲೇ ನೆರಳು, ತೊಟ್ಟಿಲು, ಆಯಾ ಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗುತ್ತಿದೆ. ಮೊದಲು ಆ ದುಡ್ಡಿನಿಂದ ಸೈಟ್‌ಗಳಲ್ಲಿ ಇದನ್ನು ಶುರು ಮಾಡಲಿ.