ನಿಂತ ನೀರು ಬೇಕ್ರೀ, ಗುಳ್ಳಿ ನೀರು ಬೇಕ್ರೀ?

ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ಅಕ್ಕನ ಮಗನಿಗೆ ಪ್ರಮೋಷನ್ ಆಯಿತು. ಊರಿಗೆ ಬಂದವನೇ, "ಮಾಮಾ, ಹುಬ್ಬಳ್ಯಾಗೂ ಈಗ ಬೆಂಗಳೂರಿನಂಥಾ ಚೈನೀಸ್ ಹೋಟೆಲ್ ಆಗೈತಂತ, ಎಲ್ಲಾರೂ ಹೋಗೂಣು ಬರ್ರಿ" ಅಂದ. ಬ್ಯಾಡಗಿಯಿಂದ ಬಂದಿದ್ದ ಕಾಕಾ, ಕಾಕು, ನಾನು, ನನ್ನ ಹೆಂಡತಿ ಎಲ್ಲರೂ ಹೊರಟೆವು. ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳೋಣವೆಂದರೂ ನಾಲಿಗೆ ಹೊರಳುವುದಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಕಾಕು, "ಕರೆಂಟ್ ಹೋಗೈತೇನ?" ಅಂದರು. ಹೋಗಿರಲಿಲ್ಲ. ಕತ್ತಲೆಗೂ ಸೇರಿಸಿಯೇ ಅಲ್ಲಿ ರೊಕ್ಕ ತೆಗೆದುಕೊಳ್ಳುತ್ತಾರೆ. ನಮ್ಮ ಖಾನಾವಳಿಗಳಲ್ಲಿ ತಾಟಿನಲ್ಲಿ ಏನಿದೆ ಎಂದು ಕಾಣಲಿ ಅಂತ ಟ್ಯೂಬ್‌ಲೈಟ್ ಹಾಕುತ್ತಾರೆ. ಇಲ್ಲಿ ಎಷ್ಟಿದೆ ಎಂದು ಕಾಣದಿರಲಿ ಅಂತ ತೆಗೆದಿದ್ದಾರೆ. ಮೊಬೈಲ್ ಟಾರ್ಚ್ ಹಚ್ಚಿಕೊಂಡು, ಕಳಕೊಂಡ ಕಿವಿಯೋಲೆ ಹುಡುಕುವವರ ಹಾಗೆ ಮೆನು ನೋಡುತ್ತ ಕೂತೆವು. ಅಷ್ಟರಲ್ಲಿ ರೇಷ್ಮೆ ಕೋಟಿನ ಮೇಲೆ ಡ್ರ್ಯಾಗನ್ ಹಾಕಿಸಿಕೊಂಡ ಹುಡುಗನೊಬ್ಬ ಬಂದು ಬಾಗಿ ಕೇಳಿದ: "ಸರ್, ಸ್ಟಿಲ್ ವಾಟರ್ ಆರ್ ಸ್ಪಾರ್ಕ್ಲಿಂಗ್?"

ಅಳಿಯ ಕನ್ನಡ ಮಾಡಿ ಹೇಳಿದ: "ನಿಂತ ನೀರು ಬೇಕೋ, ಗುಳ್ಳಿ ನೀರು ಬೇಕೋ ಅಂತ ಕೇಳಾಕತ್ತಾನ, ಅಜ್ಜಾ."

"ನಿಂತ ನೀರು ಬ್ಯಾಡೋ ತಮ್ಮಾ, ಡೆಂಗಿ ಬರ್ತೈತಿ" ಅಂದರು ಕಾಕಾ.

ಹುಬ್ಬಳ್ಳಿಯವರನ್ನು ನಿಲ್ಲಿಸಿ ನಿಮಗೆ ಎಂಥ ನೀರು ಬೇಕು ಎಂದು ಕೇಳಿದ್ದು ಬಹುಶಃ ಇದೇ ಮೊದಲು. ನಮ್ಮ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಒಂಬತ್ತನೇ ದಿನವೂ ಬರದಿದ್ದರೆ ಪೈಪ್ ಒಡೆದಿದೆ ಎಂದು ಅರ್ಥ, ಹತ್ತನೇ ದಿನವೂ ಬರದಿದ್ದರೆ ರಿಪೇರಿ ನಡೆದಿದೆ ಎಂದು ಅರ್ಥ. 2008ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕೂ ತಾಸು ನೀರು ಬಂತು. ಪ್ರಾತ್ಯಕ್ಷಿಕೆ ಅಂತ ಅದರ ಹೆಸರು. ಅಂದರೆ, ನಳ ತಿರುವಿದರೆ ನೀರು ಬರುತ್ತದೆ ಎಂಬುದನ್ನು ಉಳಿದವರಿಗೆ ತೋರಿಸುವುದು. ನಾವು ಉಳಿದವರು. ತೋರಿಸಿದ್ದನ್ನು ಇನ್ನೂ ನೋಡುತ್ತಲೇ ಇದ್ದೇವೆ. ಆ ವಾರ್ಡುಗಳಲ್ಲಿ ಮನೆ ಇದ್ದವರ ಹುಡುಗನಿಗೆ ಕನ್ಯೆ ಬೇಗ ಸಿಗುತ್ತದೆ ಎಂದು ನನ್ನ ಹೆಂಡತಿಯ ವಾದ, ನಾನು ತಕರಾರು ಮಾಡಿಲ್ಲ.

ಕಡೆಗೆ ನಿಂತದ್ದೊಂದು, ಗುಳ್ಳಿಯದೊಂದು ಎರಡು ಬಾಟ್ಲಿ ಬಂದವು. ಒಂದಕ್ಕೆ ಮುನ್ನೂರಾ ನಲವತ್ತು ರೂಪಾಯಿ. ಎಂಆರ್‌ಪಿಗಿಂತ ಹೆಚ್ಚು ತೊಗೊಳ್ಳಬಹುದೇನು ಎಂದು ನೀವು ಕೇಳಬಹುದು. ತೊಗೊಳ್ಳಬಹುದು. ಹೋಟೆಲಿನವರು ಬರೀ ನೀರು ಮಾರುವುದಿಲ್ಲ, ಕೂಡ್ರಿಸಿ ಕುಡಿಸುತ್ತಾರೆ, ಹಾಗಾಗಿ ಅವರಿಗೆ ಎಂಆರ್‌ಪಿ ಅಡ್ಡ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟೇ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ನಾವೂ ಕುರ್ಚಿಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತೆವು.

ಮೆನುವಿನಲ್ಲಿ ನಮ್ಮ ಬೆರಳು ನಿಂತದ್ದು 'ಕ್ರಿಸ್ಪಿ ಕಾಲಿಫ್ಲವರ್ ಇನ್ ಬರ್ನ್ಟ್ ಗಾರ್ಲಿಕ್ ರಿಡಕ್ಷನ್' ಎಂಬ ಸಾಲಿನ ಮೇಲೆ. ರೂಪಾಯಿ ಐದುನೂರಾ ಇಪ್ಪತ್ತೈದು.

"ಅಂದ್ರ?"

"ಗೋಬಿ ಮಂಚೂರಿ, ಅಜ್ಜಿ. ಬಳ್ಳೊಳ್ಳಿ ಹೊತ್ತಿಸಿರ್ತಾರ."

"ನಮ್ಮನಿಯಾಗ ಬಳ್ಳೊಳ್ಳಿ ಹೊತ್ತಿದ್ರ ನಾ ಬೈಸ್ಕೋತೀನಿ. ಇಲ್ಲಿ ಮ್ಯಾಲೆ ಐದನೂರಾ ಇಪ್ಪತ್ತೈದು ಕೊಡ್ತಾರ" ಎಂದು ಕಾಕು ಕಾಕಾನ ಕಡೆ ನೋಡಿದರು. ಕಾಕಾ ಮೆನುವಿನ ಹಿಂಭಾಗ ಓದತೊಡಗಿದರು. ಅಲ್ಲಿ ಏನೂ ಬರೆದಿರಲಿಲ್ಲ.

ಮಂಚೂರಿಯಾ ಚೀನಾದ ಈಶಾನ್ಯ ಮೂಲೆಯ ನೆಲ. ಅಲ್ಲಿಯವರಿಗೂ ನಮ್ಮ ಗೋಬಿಗೂ ಸ್ನಾನಸಂಬಂಧವೂ ಇಲ್ಲ, ಸೂತಕಸಂಬಂಧವೂ ಇಲ್ಲ. 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ, ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರು ಬಳ್ಳೊಳ್ಳಿ, ಶುಂಠಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆ ಬಿಟ್ಟು ಸೋಯಾ ಸಾಸ್ ಹಾಕಿ ಮಾಡಿದ ಚಿಕನ್ನಿನಿಂದ ಈ ಮಂಚೂರಿ ಶುರುವಾಯಿತು ಎನ್ನುತ್ತಾರೆ. ಚಿಕನ್ ಹೋಗಿ ಹೂಕೋಸು ಬಂದ ಮೇಲೆ ಅದು ನಮ್ಮ ಸಾಲಿ ಗೇಟಿನ ಗಾಡಿಗೂ ಇಳಿಯಿತು. ನಮ್ಮಲ್ಲಿ ಅರ್ಧ ಗಾಡಿಗಳ ಮೇಲೆ 'ಗೋಬಿ ಮಂಜೂರಿ' ಎಂದೇ ಬರೆದಿರುತ್ತದೆ. ಮಂಜೂರಿ ಆದದ್ದಕ್ಕೆ ಒಂದು ದಿನ ನಾಮಂಜೂರಿಯೂ ಬರುತ್ತದಲ್ಲ. 2024ರ ಮಾರ್ಚಿನಲ್ಲಿ ಬಂತು. ರಾಜ್ಯದಲ್ಲಿ 171 ಗೋಬಿ ಮಾದರಿ ತೆಗೆಸಿ ನೋಡಿದರೆ 107ರಲ್ಲಿ ತಿನ್ನಬಾರದ ಬಣ್ಣ. ಸರಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿ, ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಎಂದು ಹೆದರಿಸಿತು. ಆವತ್ತಿನಿಂದ ನಮ್ಮ ಓಣಿಯ ಗಾಡಿಯ ಗೋಬಿ ಮೈಯಲ್ಲಿ ರಕ್ತ ಇಲ್ಲದವರ ಹಾಗೆ ಬಿಳಿಚಿಕೊಂಡಿದೆ. ನಮ್ಮ ಓಣಿಯ ಸಾಹುಕಾರರು ಕೆಂಪು ಗೋಬಿ ಹುಡುಕಿಕೊಂಡು ಈ ಕತ್ತಲೆಗೆ ಬರುತ್ತಾರೆ.

ಇಲ್ಲಿ ಕೆಂಪು ಬೇರೆ. ಹುಡುಗ ಕುಂಕುಮದ ಭರಣಿಯಷ್ಟು ಬಟ್ಟಲಲ್ಲಿ ಸಾಸ್ ತಂದಿಟ್ಟು, "ಸಿಚುವಾನ್ ಪ್ರಾಂತ್ಯದ ಒರಿಜಿನಲ್ ರೆಸಿಪಿ, ಸರ್" ಅಂದ. ಕಾಕಾ ಬ್ಯಾಡಗಿ ಪ್ಯಾಟಿಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದವರು. ಒಂದು ಹನಿ ಬೆರಳಿಗೆ ಹಚ್ಚಿ ತಿಕ್ಕಿದರು, ಟಾರ್ಚ್ ಹಿಡಿದು ನೋಡಿದರು, ಮೂಸಿದರು, ನೆಕ್ಕಿದರು. ಟೇಬಲ್ ಪೂರ್ತಿ ಸುಮ್ಮನಾಯಿತು.

"ಬಣ್ಣ ಡಬ್ಬೀದು" ಅಂದರು. "ಖಾರ ಗುಂಟೂರಿಂದು. ಡಬ್ಬಿ ಈ ವರ್ಷದ ಮಾಲಲ್ಲ, ಕೋಲ್ಡ್ ಸ್ಟೋರೇಜಿಂದು."

ಬ್ಯಾಡಗಿ ಮೆಣಸಿನಕಾಯಿ ಹೆಚ್ಚು ಖಾರವಿಲ್ಲದೆ ಬಣ್ಣ ಬಿಡುವ ಜಾತಿ. ಅದರಲ್ಲೂ ಮೈ ಉಬ್ಬಿದ ಡಬ್ಬಿ ಬಣ್ಣಕ್ಕೆ ಹೆಸರುವಾಸಿ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ, ಈ ಹೆಸರನ್ನು ಬೇರೆ ಊರಿನವರು ಬಳಸುವಂತಿಲ್ಲ ಎಂದು ನಾವು ಬೀಗಿದ್ದೆವು. ನಮ್ಮ ಕಾಯಿಯೇ ಬೇರೆ ಊರಿನ ಹೆಸರು ಇಟ್ಟುಕೊಂಡು ಓಡಿಹೋದರೆ ಏನು ಮಾಡಬೇಕೆಂದು ಯಾವ ಕಾಯ್ದೆಯಲ್ಲಿ ಬರೆದಿದೆಯೋ! ಸಿಚುವಾನಿನವರ ನಿಜವಾದ ಗುರುತು ನಾಲಿಗೆ ಜುಮುಜುಮು ಅನ್ನಿಸುವ ಅವರ ಕಾಳು. ಅದರ ದಾಯಾದಿ ನಮ್ಮ ಘಟ್ಟದಲ್ಲೇ ಬೆಳೆಯುತ್ತದೆ, ಕೊಂಕಣಿಗರು ತಿರಫಳ ಅಂತ ಮೀನುಸಾರಿಗೆ ಹಾಕುತ್ತಾರೆ. ಬಟ್ಟಲಲ್ಲಿ ಅದೂ ಇರಲಿಲ್ಲ, ಇದೂ ಇರಲಿಲ್ಲ. ಜುಮುಜುಮು ಆದದ್ದು ಬಿಲ್ ನೋಡಿದಾಗಲೇ.

ಕಾಕಾ ಅಷ್ಟಕ್ಕೇ ಬಿಡುವವರಲ್ಲ. "ಯಾವೂರ ತಮ್ಮಾ ನಿಂದು?"

"ಮಣಿಪುರ್ ರೀ."

ಆ 'ರೀ' ಕೇಳಿ ಕಾಕುಗೆ ಜೀವ ಬಂತು. ಬಂದು ಎಂಟು ತಿಂಗಳಾಯಿತಂತೆ. ಅವನ ಮುಖ ನೋಡಿ ಕೆಲಸ ಕೊಟ್ಟಿದ್ದಾರೆ, ಆ ಮುಖದ ಮೇಲೆ ಚೀನಾ ಅಂತ ಬರೆದು ಬಾಗಿಲಿಗೆ ನಿಲ್ಲಿಸಿದ್ದಾರೆ. ಈ ದೇಶದ ಹುಡುಗನನ್ನು ಈ ದೇಶದೊಳಗೇ ಪರದೇಶಿ ಮಾಡಿ, ಅದಕ್ಕೊಂದು ಡ್ರ್ಯಾಗನ್ ಕೋಟು ಹೊಲಿಸಿದ ಮಾಲೀಕರ ಧೈರ್ಯ ದೊಡ್ಡದು. ಒಳಗೆ ಅಡುಗೆ ಮಾಡುವವರು ಯಾರೆಂದು ಕೇಳಿದರೆ, "ಶೆಫ್ ಕುಂದಗೋಳದವರ್ರೀ" ಅಂದ.

"ನೀ ಎಲ್ಲಿ ಉಣ್ತಿ?"

ಅತ್ತಿತ್ತ ನೋಡಿ ಮೆಲ್ಲಗೆ, "ಖಾನಾವಳಿರೀ. ರೊಟ್ಟಿ ಚಲೋ ಐತ್ರೀ" ಅಂದ.

ಊಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಡ್ಡಿಗಳನ್ನು ಹಿಡಿಯಲು ಅಳಿಯ ಕಲಿಸಿದ, ನಾವು ಕಲಿಯಲಿಲ್ಲ. ಕಾಕಾ ಒಂದೇ ಕಡ್ಡಿ ತೆಗೆದುಕೊಂಡು ಗೋಬಿಗೆ ಚುಚ್ಚಿ, ಎತ್ತಿ, ತಿಂದರು. ಗೋಬಿ ಒಟ್ಟು ಏಳು ತುಂಡು ಇದ್ದವು, ನಾವು ಐದು ಜನ. ಉಳಿದ ಎರಡಕ್ಕೆ ಹತ್ತು ನಿಮಿಷ "ನೀವ್ ತೊಗೋರಿ, ನೀವ್ ತೊಗೋರಿ" ನಡೆಯಿತು. ಪಕ್ಕದ ಟೇಬಲ್ಲಿನಲ್ಲಿ ನಮ್ಮ ಪರಿಚಯದ ಬಟ್ಟೆ ಅಂಗಡಿ ಮಾಲೀಕರು ಸಂಸಾರ ಸಮೇತ ಕೂತು, ನಮ್ಮನ್ನು ಗುರುತೇ ಇಲ್ಲದವರ ಹಾಗೆ ನೂಡಲ್ಸಿನ ಒಂದೊಂದೇ ಎಳೆ ಎತ್ತುತ್ತಿದ್ದರು. ಸಾವಜಿ ಹೋಟೆಲಿನಲ್ಲಿ ಇದೇ ಮಹಾನುಭಾವರು ಬೆವರು ಒರೆಸಿಕೊಳ್ಳುತ್ತ ರಸ್ಸಾ ಮೂರನೇ ಸಲ ಹಾಕಿಸಿಕೊಂಡದ್ದು ನಾನೇ ಕಂಡಿದ್ದೇನೆ.

ಬಿಲ್ ಚರ್ಮದ ಪೆಟ್ಟಿಗೆಯಲ್ಲಿ ಬಂತು. ಕೊನೆಗೆ ಸರ್ವಿಸ್ ಚಾರ್ಜ್ ಹತ್ತು ಪರ್ಸೆಂಟ್. ದಿನಾ ಪೇಪರನ್ನು ಜಾಹೀರಾತು ಸಮೇತ ಓದುವ ಕಾಕು ಮ್ಯಾನೇಜರರನ್ನು ಕರೆಸಿದರು. 2022ರ ಜುಲೈಯಲ್ಲೇ ಗ್ರಾಹಕರ ಪ್ರಾಧಿಕಾರದವರು ಇದನ್ನು ತಾವಾಗಿಯೇ ಬಿಲ್ಲಿಗೆ ಹಚ್ಚಬಾರದು ಎಂದಿದ್ದಾರೆ, 2025ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿದಿದೆ ಎಂದು ಒಪ್ಪಿಸಿ, ಮೇಲಿಂದ ಒಂದು ಮಾತು ಸೇರಿಸಿದರು: "ಸಿದ್ಧಾರೂಢ ಮಠದಾಗ ಬಡಸಾವ್ರು ಸೇವಾ ಅಂತಾರ, ರೊಕ್ಕಾ ಕೇಳಂಗಿಲ್ಲ. ನೀವು ರೊಕ್ಕಾ ಕೇಳಿ ಸೇವಾ ಅಂತೀರಿ."

"ಅಜ್ಜಿ, ಸುಮ್ನಿರ್ರಿ, ಎಲ್ಲಾರೂ ನೋಡಾಕತ್ತಾರ" ಅಂದ ಅಳಿಯ. ಅಲ್ಲಿ ಮಾರುವ ಮುಖ್ಯ ಪದಾರ್ಥ ಅದೇ. ಎಲ್ಲರೂ ನೋಡುತ್ತಾರೆ ಎಂದೇ ಹೋಗುವುದು, ಎಲ್ಲರೂ ನೋಡುತ್ತಾರೆ ಎಂದೇ ಕೊಟ್ಟು ಬರುವುದು. ಆದರೆ ಆವತ್ತು ಕಾಕು ಕೊಡುವವರಿರಲಿಲ್ಲ. ಮ್ಯಾನೇಜರ್ ಸೋಲುವ ಹದಕ್ಕೆ ಬಂದಿದ್ದರು, ಪೆನ್ನು ತೆಗೆದು ಆ ಸಾಲು ಹೊಡೆಯಬೇಕು ಅನ್ನುವಷ್ಟರಲ್ಲಿ ನನ್ನ ಹೆಂಡತಿಯ ಫೋನ್ ಬಾರಿಸಿತು. ಬಾಜೂ ಮನೆಯವರು.

"ವೈನಿ, ನೀರು ಬಂದಾವ್ರೀ!"

ಬಟ್ಟೆ ಅಂಗಡಿಯವರ ಫೋನೂ ಬಾರಿಸಿತು. ಆಚೆ ಮೂಲೆಯ ಟೇಬಲ್ಲಿನದೂ ಬಾರಿಸಿತು. ಒಂದೇ ವಾರ್ಡು. ಎಳೆ ಎತ್ತುತ್ತಿದ್ದವರು ನೂಡಲ್ಸ್ ಕೆಡವಿ ಎದ್ದರು, ಅವರ ಮನೆಯವರು ಚಪ್ಪಲಿ ಕೈಯಲ್ಲಿ ಹಿಡಿದರು, ಯಾರದೋ ಐಸ್‌ಕ್ರೀಮ್ ಟೇಬಲ್ಲಿನ ಮೇಲೆಯೇ ಉಳಿಯಿತು. ಜಗಳಕ್ಕೆ ಪುರಸೊತ್ತೆಲ್ಲಿ? ಅಳಿಯ ಮೊಬೈಲಿನಲ್ಲಿ ಸರ್ವಿಸ್ ಚಾರ್ಜೂ ಸೇರಿಸಿ ಪೂರಾ ತುಂಬಿದ. ಕಾಕು ಅರ್ಧ ಉಳಿದ ಗುಳ್ಳಿ ನೀರಿನ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡರು. ಡ್ರ್ಯಾಗನ್ ಕೋಟಿನ ಹುಡುಗ ಬಾಗಿಲು ತೆರೆದು ಹಿಡಿದು, "ಲಗೂ ಹೋಗ್ರೀ" ಅಂದ.

ಮನೆ ಮುಟ್ಟಿದಾಗ ಹಿತ್ತಲಿನ ನಳ ಬುಸ್ಸೆಂದು ಗಾಳಿ ಬಿಡುತ್ತ, ಆಗೊಮ್ಮೆ ಈಗೊಮ್ಮೆ ಗುಳುಗುಳು ಎಂದು ನಾಲ್ಕು ಹನಿ ಉಗುಳುತ್ತಿತ್ತು. ಕಾಕಾ ಕೊಡದ ಬಾಯಿಗೆ ಟಾರ್ಚ್ ಹಿಡಿದು ಬಗ್ಗಿ ನೋಡಿದರು.

"ಬಂದಾವ ನೋಡ ತಮ್ಮಾ, ಗುಳ್ಳಿ ನೀರು. ಇದಕ್ಕ ಅಲ್ಲೆ ಎಷ್ಟ ಹಚ್ಚಿದ್ರೋ? ಮುನ್ನೂರಾ ನಲವತ್ತಲ್ಲಾ?"