ದನ ಕಾಯದ ಕೌಬಾಯ್ ಕವಿ

ಕೌಬಾಯ್ ಹಾಡು ಬರೆಯೋಕೆ ದನ ಮೇಯಿಸಿದ ಅನುಭವ ಬೇಕು ಅಂತ ವಾದ ಮಾಡುವವರಿಗೆ ಉತ್ತರವಾಗಿ ಅಮೆರಿಕದ ಕೌಬಾಯ್ ಹಾಡುಗಳ ಕವಿ, ಗಾಯಕ ಬಾಬ್ ನೋಲನ್ ಒಬ್ಬನೇ ಸಾಕು. ಹುಟ್ಟಿದ್ದು 1908ರಲ್ಲಿ, ಕೆನಡಾದಲ್ಲಿ. ಹದಿಹರೆಯದಲ್ಲಿ ಅರಿಜೋನಾದ ಟೂಸಾನ್‌ಗೆ ಬಂದ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಕಡಲತೀರದ ಲೈಫ್‌ಗಾರ್ಡ್, ಗಾಲ್ಫ್ ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿ. ಅರಿಜೋನಾದ ಮರುಭೂಮಿ ಮಾತ್ರ ತಲೆಯಿಂದ ಇಳಿಯಲೇ ಇಲ್ಲ.

1931ರಲ್ಲಿ ಪತ್ರಿಕೆ ಜಾಹೀರಾತು ನೋಡಿ ಲೆನರ್ಡ್ ಸ್ಲೈ ಇದ್ದ ಗಾಯಕರ ತಂಡ ಸೇರಿದ. ಈ ಸ್ಲೈ ಮುಂದೆ ರಾಯ್ ರೋಜರ್ಸ್ ಆದ ಸಿನಿಮಾ ನಟ. ಟಿಮ್ ಸ್ಪೆನ್ಸರ್ ಜತೆಗೂಡಿ ಈ ಮೂವರು ಕಟ್ಟಿದ ತ್ರಿವಳಿಯೇ ‘ಸನ್ಸ್ ಆಫ್ ದ ಪಯನೀರ್ಸ್’ ಎಂಬ ಗಾಯನ ತಂಡಕ್ಕೆ ಬುನಾದಿ. 1934ರಲ್ಲಿ ನೋಲನ್ನನ ‘ಟಂಬ್ಲಿಂಗ್ ಟಂಬಲ್‌ವೀಡ್ಸ್’ ಹಾಡು ಧ್ವನಿಮುದ್ರಣವಾಯಿತು. ಮರುವರ್ಷ ಹಾಡುವ ಕೌಬಾಯ್ ನಟ ಜೀನ್ ಆಟ್ರಿಯ ಸಿನಿಮಾಕ್ಕೆ ಅದೇ ಹೆಸರು. (ಅಮೆರಿಕದ ಪಶ್ಚಿಮದ ಗುರುತೇ ಆಗಿಹೋಗಿರುವ ಟಂಬಲ್‌ವೀಡ್ ಅನ್ನುವ ಆ ಉರುಳುವ ಮುಳ್ಳುಗಿಡವೂ ನೋಲನ್ನನ ಹಾಗೆ ವಲಸೆ ಬಂದದ್ದೇ, 1870ರ ದಶಕದಲ್ಲಿ ರಷ್ಯಾದ ಅಗಸೆ ಬೀಜದೊಳಗೆ ಸೇರಿ ಬಂತು.) ನೋಲನ್ 1949ರಲ್ಲಿ ತಂಡ ಬಿಟ್ಟ, 1980ರಲ್ಲಿ ತೀರಿಕೊಂಡ.

ಅವನ ಹಾಡು ಹಾಡಲು ಹೊರಟವರು ಎಡವುವುದು ಎಲ್ಲಿ? ಮೊದಲನೆಯದು ಹಾರ್ಮನಿ, ಅಂದರೆ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೇ ಹಾಡೋದು. ಮೂರು ದನಿಗಳಲ್ಲಿ ಮುಖ್ಯ ರಾಗ ನಡುವೆ, ಟೆನರ್ ಮೇಲೆ, ಬ್ಯಾರಿಟೋನ್ ಕೆಳಗೆ. ಬ್ಯಾರಿಟೋನ್ ಹಾಡುವವನು ಮುಖ್ಯ ರಾಗದಿಂದ ಸದಾ ಒಂದೇ ಅಂತರದಲ್ಲಿ ಹಿಂದೆ ಹಿಂದೆ ಹೋದರೆ ಅವನ ಸ್ವರ ಗಿಟಾರ್ ಕಾರ್ಡ್‌ಗೆ (ಒಟ್ಟಿಗೇ ನುಡಿಯುವ ಸ್ವರಗಳ ಗುಂಪಿಗೆ) ತಾಗಿ ಕಚ್ಚುತ್ತೆ. ಕಾರ್ಡ್‌ನಲ್ಲಿ ಉಳಿದ ಸ್ವರ ಯಾವುದೋ ಅದನ್ನೇ ಅವನು ಹಿಡಿಯಬೇಕು. ಎಷ್ಟೋ ಸಲ ಒಂದೇ ಸ್ವರದ ಮೇಲೆ ನಿಂತಿರಬೇಕಾಗುತ್ತೆ. ಅವನ ಸಾಲನ್ನಷ್ಟೇ ಕೇಳಿದರೆ ತೀರಾ ಸಪ್ಪೆ. ಎಲ್ಲರೂ ಒಂದೇ ಸ್ವರದಲ್ಲಿ ಹಾಡುವ ವೃಂದಗಾನಕ್ಕೆ ಒಗ್ಗಿದ ನಮ್ಮ ಕಿವಿಗೆ ಇದು ತಕ್ಷಣ ದಕ್ಕಲ್ಲ. ಎರಡನೆಯದು ಉಸಿರು. ಮೂವರೂ ಒಂದೇ ಜಾಗದಲ್ಲಿ ಉಸಿರೆಳೆಯಬೇಕು, ಕೊನೆಯ ವ್ಯಂಜನವನ್ನು ಒಟ್ಟಿಗೇ ಮುಗಿಸಬೇಕು. ಇಲ್ಲದಿದ್ದರೆ ‘ಸ್’ ಅನ್ನೋದು ಮೂರು ಸಲ ಸಿಡಿಯುತ್ತೆ.

ನೋಲನ್ನನ ಇನ್ನೊಂದು ಹಾಡು ‘ಕೂಲ್ ವಾಟರ್’ಗೆ ಆಗುವ ಅನ್ಯಾಯ ಇನ್ನೂ ದೊಡ್ಡದು. ಬಾಯಾರಿದ ಮನುಷ್ಯ, ಬಳಲಿದ ಹೇಸರಗತ್ತೆ, ಮರೀಚಿಕೆ, ಹಾಡಿನಲ್ಲಿ ಇರುವುದಿಷ್ಟೇ. ‘ವಾಟರ್’ ಅಂತ ಸಾಲು ಮುಗಿದ ಮೇಲೆ ಇನ್ನೊಂದು ದನಿ ಅದನ್ನೇ ಮರುನುಡಿಯುತ್ತೆ. ಲಯ ಜೋರು ಮಾಡಿದಿರೋ, ಆ ಮರುದನಿಗೆ ಜಾಗವೇ ಇಲ್ಲ, ದಾಹವೂ ಇಲ್ಲ. ಜನರನ್ನು ಕುಣಿಸೋಕೆ ಬೇರೆ ಹಾಡು ಬೇಕಾದಷ್ಟಿವೆ ಸ್ವಾಮಿ.

ಕಲಿಯುವ ಆಸೆ ಇದ್ದವರು ‘ಕೂಲ್ ವಾಟರ್’ನ 1941ರ ಧ್ವನಿಮುದ್ರಣವನ್ನು ಹೆಡ್‌ಫೋನ್ ಹಾಕಿ ಕೇಳಿ. ಮೊದಲ ಸಲ ಮುಖ್ಯ ರಾಗವನ್ನು ಬಿಟ್ಟು, ಕೆಳಗಿನ ದನಿಯ ಬೆನ್ನು ಹತ್ತಿ.