ಕಣ್ಣಿಗೆ ಕಾಣದ ಖರ್ಚು

ನನ್ನ ಷಡ್ಡಕರಿಗೆ ಒಂದು ಅಭ್ಯಾಸವಿದೆ. ನಮ್ಮ ಮನೆಗೆ ಬಂದರೆ ಗೇಟು ದಾಟಿದವರು ನೇರವಾಗಿ ಬಾಗಿಲಿಗೆ ಬರುವುದಿಲ್ಲ. ಶೆಡ್ಡಿನಲ್ಲಿರುವ ನನ್ನ ಪದ್ಮಿನಿಯ ಮುಂದೆ ನಿಂತು, ಎರಡೂ ಅಂಗೈಗಳನ್ನು ಬಂಪರಿನ ನಟ್ಟನಡುವೆ ಊರಿ, ಮೈಭಾರವನ್ನೆಲ್ಲ ಹಾಕಿ ಒಮ್ಮೆ ಅದುಮಿ ಬಿಡುತ್ತಾರೆ. ಕಾರು ಕುಸಿದು, ಎದ್ದು, ನಿಲ್ಲುತ್ತದೆ. ಆಮೇಲೆ ಅಂಗೈಗೆ ಮೆತ್ತಿದ ಧೂಳನ್ನು ನನ್ನದೇ ಬಾನೆಟ್ಟಿಗೆ ಒರೆಸಿ, "ಮೊದಲು ಹೇಗಿತ್ತೋ ಹಾಗೇ ಇದೆಯಲ್ಲೋ ಮಾರಾಯ, ದುಡ್ಡು ಎಲ್ಲಿಗೆ ಹೋಯ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಫಿಗೆಂದು ಒಳಗೆ ನಡೆಯುತ್ತಾರೆ. ಮೊನ್ನೆಯೂ ಹೀಗೇ ಆಯಿತು. ಆ ಉರಿ ಇನ್ನೂ ಆರಿಲ್ಲ.

ದುಡ್ಡು ಹೋದದ್ದು ಒಂದು ಉಕ್ಕಿನ ಸರಳಿಗೆ. ಗ್ಯಾರೇಜಿನವರು ಸ್ಟೆಬಿಲೈಸರ್ ಬಾರ್ ಎನ್ನುವ ಈ ಸರಳು ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಮಲಗಿರುತ್ತದೆ. ಅದರ ನಡುಭಾಗವನ್ನು ಬುಷ್ ಎಂಬ ರಬ್ಬರ್ ಬಳೆಗಳು ಕಾರಿನ ಮೈಗೆ ಹಿಡಿದಿಟ್ಟಿದ್ದರೆ, ಬಾಗಿದ ಎರಡು ತುದಿಗಳು ಎರಡೂ ಕಡೆಯ ಚಕ್ರಗಳನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ಗಳಿಗೆ ಕೂಡಿಕೊಂಡಿರುತ್ತವೆ. ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ವಾಲಿದಾಗ ಒಂದು ತುದಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ಎಳೆದುಕೊಂಡು ಬಾರ್ ತಿರುಚಬೇಕಾಗುತ್ತದೆ. ತಿರುಚಿಕೊಳ್ಳಲು ಅದು ಸುಲಭವಾಗಿ ಒಪ್ಪದಿರುವುದರಿಂದಲೇ ವಾಲುವುದು ಕಡಿಮೆಯಾಗುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ಮೇಲೆ ಕೆಳಗೆ ಆದರೆ ಮಾತ್ರ ಅದು ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆಯೇ ಹೊರತು ಯಾವ ಕೆಲಸವನ್ನೂ ಮಾಡುವುದಿಲ್ಲ. ಅಂದರೆ ಬಂಪರಿನ ನಟ್ಟನಡುವೆ ಅದುಮುವ ಮನುಷ್ಯನಿಗೆ, ನಾನು ಅಲ್ಲಿ ದೇವಸ್ಥಾನದ ಕಂಬವನ್ನೇ ತಂದು ಅಡ್ಡ ಹಾಕಿಸಿದ್ದರೂ ವ್ಯತ್ಯಾಸ ತಿಳಿಯುವಂತಿಲ್ಲ. ಆ ಪರೀಕ್ಷೆ ಏನಿದ್ದರೂ ಶಾಕಾಬ್ಸರಿನದು. "ಅಣ್ಣ, ಒಂದು ಮೂಲೆಯನ್ನಾದರೂ ಅದುಮಿ ನೋಡಿ" ಎಂದು ಬೇಡಿಕೊಂಡಿದ್ದೇನೆ. ಮೂಲೆ ಅದುಮಿದರೆ ಗಾಡಿಯ ಬ್ಯಾಲೆನ್ಸು ಹೋಗುತ್ತದೆ ಎನ್ನುವುದು ಅವರ ಸಿದ್ಧಾಂತ. ತೋಟದ ಜೀಪನ್ನು ಒಂದು ತಲೆಮಾರು ಓಡಿಸಿದವರ ಸಿದ್ಧಾಂತವನ್ನು ಚಿಕ್ಕಮಗಳೂರಿನಲ್ಲಿ ಯಾರೂ ಅಲ್ಲಗಳೆಯಲಾರರು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ಇಲ್ಲಿನ ಕಾಫಿ ತೋಟಗಳ ಮಣ್ಣಿನ ರಸ್ತೆಗಳಲ್ಲಿ ನಡೆದ ಮೇಲಂತೂ, ಬೇಲಿಯ ಪಕ್ಕ ನಿಂತು ಧೂಳು ಕುಡಿದವರೆಲ್ಲರೂ ಸಸ್ಪೆನ್ಷನ್ ಪಂಡಿತರೇ.

ನನ್ನದು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ಸಂತಾನ, 1089 ಸಿಸಿ ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು, ಹಿಂದೆ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು. ನೇರ ರಸ್ತೆಯಲ್ಲಿ ಇಷ್ಟು ಸಭ್ಯವಾದ ಕಾರು ಇನ್ನೊಂದಿಲ್ಲ. ಆದರೆ ಕಡೂರು, ಬೇಲೂರಿನ ದಿಕ್ಕು ಬಿಟ್ಟರೆ ನಮ್ಮೂರಿನಿಂದ ಎತ್ತ ಹೊರಟರೂ ತಿರುವುಗಳೇ, ಮತ್ತು ತಿರುವಿನಲ್ಲಿ ಅದರ ಸಭ್ಯತೆ ಉಳಿಯುತ್ತಿರಲಿಲ್ಲ. ಹಳೆಯ ಬಾರಿನ ಬುಷ್ ಸವೆದು ಸದ್ದು ಮಾಡತೊಡಗಿದಾಗ, ಹೇಗೂ ಬಿಚ್ಚುತ್ತೇವಲ್ಲ, ಬಾರನ್ನೇ ಸ್ವಲ್ಪ ದಪ್ಪ ಮಾಡಿಸೋಣ ಎಂಬ ಆಸೆ ಹುಟ್ಟಿತು. ಲೆಕ್ಕವೂ ಆಸೆಯ ಪರವಾಗಿಯೇ ಇತ್ತು: ಬಾರಿನ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, 20 ಮಿ.ಮೀ. ಇರುವ ಬಾರ್ 22 ಮಿ.ಮೀ. ಆದರೆ ಬಿಗಿ ಸುಮಾರು ಶೇ. 46ರಷ್ಟು ಹೆಚ್ಚುತ್ತದೆ. ಎರಡು ಮಿಲಿಮೀಟರಿಗೆ ಇಷ್ಟು ಬಡ್ಡಿಯನ್ನು ಯಾವ ಸೊಸೈಟಿಯೂ ಕೊಡುವುದಿಲ್ಲ.

ಹಾಸನದಲ್ಲಿ ಲಾರಿಗಳ ಪಾಟಾ ಕೆಲಸ ಮಾಡುವ ಹಿರಿಯರೊಬ್ಬರು ಹಳೆಯ ಬಾರನ್ನು ನೆಲದ ಮೇಲಿಟ್ಟು, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು, ಸ್ಪ್ರಿಂಗ್ ಸ್ಟೀಲಿನ ಸರಳನ್ನು ಕೆಂಪಗೆ ಕಾಯಿಸಿ ಬಗ್ಗಿಸಿ, ಗೆರೆಯ ಮೇಲಿಟ್ಟು ನೋಡಿ, ಮತ್ತೆ ಕಾಯಿಸಿ, ಕೊನೆಗೆ ಎಣ್ಣೆಯಲ್ಲಿ ಅದ್ದಿ ಹದ ಮಾಡಿ ಕೊಟ್ಟರು. "ಇನ್ನೂ ದಪ್ಪದ್ದೇ ಹಾಕೋಣ್ವಾ ಸಾರ್?" ಎಂದು ಅವರು ಕೇಳಿದರೂ ನಾನು ಒಪ್ಪಲಿಲ್ಲ. ಮುಂದಿನದನ್ನು ಮಾತ್ರ ವಿಪರೀತ ಬಿಗಿ ಮಾಡಿದರೆ ಒದ್ದೆ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಕಾರಿನ ಮೂತಿ ಹೊರಕ್ಕೆ ಜಾರುವ ಬುದ್ಧಿ ಹೆಚ್ಚುತ್ತದೆ. ನಮ್ಮ ಕಡೆ ಮಳೆಗಾಲ ಬಂದರೆ ಬೇಗ ಹೋಗುವ ಜಾತಿಯದಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಮನೆಯವರಿಗೆ ತೋರಿಸಲು ಏನೂ ಇರಲಿಲ್ಲ. ಹೆಂಡತಿ ಕಾರಿಗೆ ಒಂದು ಪ್ರದಕ್ಷಿಣೆ ಬಂದು, "ಅಷ್ಟು ದುಡ್ಡಿಗೆ ಪೇಂಟಾದರೂ ಹೊಡೆಸಬಹುದಿತ್ತು" ಎಂದಳು. ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮನಿಗೆ ಬಾರಿನ ಗುಣಕ್ಕಿಂತ ಮೊದಲು ಅದರ ದೋಷವೇ ಗೊತ್ತಾಯಿತು. ಒಂದೇ ಚಕ್ರ ಗುಂಡಿಗೆ ಇಳಿದರೂ ಬಾರ್ ಆ ಏಟಿನಲ್ಲಿ ಸ್ವಲ್ಪವನ್ನು ಆಚೆಯ ಚಕ್ರಕ್ಕೂ ಹಂಚುವುದರಿಂದ ಇಡೀ ಕಾರು ಅಡ್ಡಡ್ಡ ತಲೆಯಾಡಿಸುತ್ತದೆ, ಒಳಗಿರುವವರ ತಲೆಗಳೂ ಅದನ್ನೇ ಅನುಸರಿಸುತ್ತವೆ. ಗುಂಡಿಗಳಿಗೆ ನಮ್ಮಲ್ಲಿ ಬರವಿಲ್ಲ. ಅದೇ ವಾರ ಹೆಂಡತಿ ತನ್ನ ಉಳಿತಾಯದಲ್ಲಿ ಸೀಟುಗಳಿಗೆ ಮೆರೂನ್ ಬಣ್ಣದ ದಪ್ಪ ಬಟ್ಟೆಯ ಕವರ್ ಹೊಲಿಸಿದಳು. ಬೀದಿಯವರೆಲ್ಲ ಕಿಟಕಿಯೊಳಕ್ಕೆ ಬಗ್ಗಿ, ಬಟ್ಟೆಯನ್ನು ಸವರಿ ನೋಡಿ, ಕಾರಿಗೆ ಈಗ ಕಳೆ ಬಂತು ಎಂದರು.

ಕಡೆಗೆ, ಷಡ್ಡಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಮರದ ಆಚೆಗಿನ ಏರಿನಲ್ಲೇ ಸಾಬೀತು ಮಾಡಿಬಿಡುವುದೆಂದು ನಿಶ್ಚಯಿಸಿದೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವವರ ಸಾಲಿನಲ್ಲಿ ಸಿಕ್ಕಿಕೊಂಡರೆ ಎತ್ತಿನ ಗಾಡಿಯೂ ವಾಲುವುದಿಲ್ಲವಾದ್ದರಿಂದ ವಾರದ ನಡುವೆ ಹೊರಟೆವು. ಮೊದಲೆಲ್ಲ ಈ ದಾರಿಯಲ್ಲಿ ಎಡ ತಿರುವು ಬಂದರೆ ಅವರು ಉದ್ದ ಸೀಟಿನ ರೆಕ್ಸಿನ್ ಮೇಲೆ ಜಾರಿ ಬಂದು ನನ್ನ ಭುಜಕ್ಕೆ ಒರಗುತ್ತಿದ್ದರು. ಬಲ ತಿರುವಿನಲ್ಲಿ ಬಾಗಿಲಿಗೆ ಅಂಟಿಕೊಂಡು ಹಿಡಿಯನ್ನು ತಡಕಾಡುತ್ತಿದ್ದರು. ಈ ಬಾರಿ ಅವರು ನಿಶ್ಚಿಂತೆಯಿಂದ ಎಲೆಅಡಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆರೆದರು. ಒಂದು ತಿರುವಿನಲ್ಲಿ ವೀಳ್ಯದೆಲೆಯನ್ನು ಪಂಚೆಗೆ ಒರೆಸಿ ತೊಟ್ಟು ಮುರಿದರು. ಮುಂದಿನ ತಿರುವಿನಲ್ಲಿ, ನಾನು ಬೇಕೆಂದೇ ವೇಗ ತಗ್ಗಿಸದೆ ಹೋದರೂ, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎಲೆಯ ನರಗಳಿಗೆ ಒಂದಿಷ್ಟೂ ಚೆಲ್ಲದಂತೆ ಸವರಿದರು. ಹಿಮ್ಮುರಿ ತಿರುವಿನಲ್ಲಿ ಅಡಿಕೆ ಚೂರುಗಳನ್ನು ಎಣಿಸಿದಂತೆ ಇಟ್ಟು ಮಡಿಸಿದರು. ತೆರೆದ ಡಬ್ಬಿಯಿಂದ ಒಂದು ಚೂರು ಕೂಡ ಆಚೆ ಬೀಳಲಿಲ್ಲ. ಗೆದ್ದೆ ಎಂದುಕೊಂಡು ಕಾರು ನಿಲ್ಲಿಸಿದೆ. ಅವರು ಇಳಿದು, ಎಲೆಯನ್ನು ದವಡೆಗೆ ಸರಿಸಿ, ತಿರುಗಿ ಕಾರಿನೊಳಗೆ ಬಗ್ಗಿ, ಸೀಟಿನ ಮೇಲೆ ಕೈಯಾಡಿಸಿ ಹೇಳಿದರು: "ಒಳ್ಳೇ ಹಿಡಿತ ಕಣೋ ಈ ಬಟ್ಟೆ. ಆ ರೆಕ್ಸಿನ್ ಬಹಳ ಜಾರ್ತಿತ್ತು. ನಿನ್ನ ಹೆಂಡ್ತಿ ಎಷ್ಟು ಕೊಟ್ಲು?"

ಅದರಲ್ಲಿ ಅಷ್ಟಿಷ್ಟು ಸತ್ಯವೂ ಇತ್ತೆಂಬುದೇ ಹೆಚ್ಚು ಉರಿಸಿದ್ದು. ನಾನು ರಸ್ತೆಬದಿಯಲ್ಲೇ ಮೊಣಕಾಲೂರಿ ಕಾರಿನ ಕೆಳಗೆ ಕೈ ಚಾಚಿ ಬಾರನ್ನು ತೋರಿಸಿದೆ. ಅವರು ಸೊಂಟ ಹಿಡಿದುಕೊಂಡು ಬಗ್ಗಿ ನೋಡಿ, "ಇದಾ? ಇದು ಮೊದಲೂ ಇತ್ತಲ್ಲ" ಎಂದರು.

ಇಳಿಜಾರಿನಲ್ಲಿ ಬರುವಾಗ ಮಾತು ಬೇಡವಾಗಿತ್ತು. ಧರ್ಮಸ್ಥಳಕ್ಕೆ ಹೋಗಲು ಅಪ್ಪ ಇದೇ ಕಾರಿನಲ್ಲಿ ಚಾರ್ಮಾಡಿ ಇಳಿಸುತ್ತಿದ್ದಾಗ, ಹಿಂದಿನ ಸೀಟಿನ ಮಕ್ಕಳೆಲ್ಲ ಪ್ರತಿ ತಿರುವಿಗೂ ಒಂದು ಬದಿಗೆ ಜಾರಿ ಕಿಟಕಿಯ ಪಕ್ಕದಲ್ಲಿದ್ದವರನ್ನು ಅಪ್ಪಚ್ಚಿ ಮಾಡುತ್ತಿದ್ದೆವು. ಕಾರು ವಾಲಿದ್ದು ಸಾಲದಿದ್ದರೆ ನಾವೇ ಇನ್ನಷ್ಟು ವಾಲುತ್ತಿದ್ದೆವು. ಈಗ ನನ್ನ ಮಗಳು ಅದೇ ಸೀಟಿನಲ್ಲಿ ಅಲುಗಾಡದೆ ಕುಳಿತು, ಘಾಟಿ ಮುಗಿಯುವವರೆಗೂ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಬಾರ್ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ.

ಇವತ್ತು ಮಧ್ಯಾಹ್ನ ಷಡ್ಡಕರ ಫೋನ್ ಬಂತು. ಅವರ ಜೀಪು ಇತ್ತೀಚೆಗೆ ತಿರುವಿನಲ್ಲಿ ಬಹಳ ವಾಲುತ್ತಿದೆಯಂತೆ, ಅದಕ್ಕೂ ಅದೇ ಮೆರೂನ್ ಬಟ್ಟೆಯ ಕವರ್ ಹೊಲಿಸಬೇಕಂತೆ. ಅಂಗಡಿ ತೋರಿಸಲು ಸೋಮವಾರ ನಾನು ರಜೆ ಹಾಕಬೇಕು.